ಮಕ್ಕಳ ಬಾಟಲಿಗೆ ಏನು ತುಂಬಿಸಬೇಕು? ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಐದನೇ ತರಗತಿಯ ಇಬ್ಬರು ಮಕ್ಕಳಿಗೆ ಕಾಮಾಲೆ ಆಗಿರುವುದು ನಿಮಗೆಲ್ಲ ಗೊತ್ತೇ ಇದೆ. ಇಬ್ಬರೂ ಚೇತರಿಸಿಕೊಳ್ಳುತ್ತಿದ್ದಾರೆ, ಗಾಬರಿ ಬೇಡ. ಆದರೆ ಆ ಸುದ್ದಿ ಹಬ್ಬಿದಾಗಿನಿಂದ ವಾಟ್ಸಾಪ್ ಗುಂಪಿನಲ್ಲಿ ಬರೀ 'ಲಿವರ್ ಕ್ಲೀನ್ ಮಾಡುವ ಜ್ಯೂಸ್' ವಿಡಿಯೋಗಳೇ. ಎಲ್ಲ ಮಕ್ಕಳಿಗೂ ಶಾಲೆಯಲ್ಲೇ ನೆಲನೆಲ್ಲಿ ಕಷಾಯ ಕುಡಿಸಿ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೆಲವರು ಕೇಳಿದಿರಿ. ಕುಡಿಸುವುದಿಲ್ಲ. ಯಾಕೆಂದು ಹೇಳುತ್ತೇನೆ.

ಮಳೆಗಾಲದಲ್ಲಿ ಮಕ್ಕಳಿಗೆ ಬರುವ ಕಾಮಾಲೆಗೆ ಹೆಚ್ಚಾಗಿ ಲಿವರ್‌ಗೆ ಸೋಂಕು ತಗುಲಿಸುವ ಹೆಪಟೈಟಿಸ್ ಎ ವೈರಸ್ ಕಾರಣ. ಕೊಳಚೆ ಸೇರಿದ ನೀರು, ಸೋಪು ಕಾಣದ ಕೈ, ಇವೇ ಅದರ ದಾರಿ. ವೈರಸ್ ಒಳಹೊಕ್ಕ ಎರಡು ವಾರಕ್ಕೋ ತಿಂಗಳಿಗೋ ಕಣ್ಣು ಹಳದಿಯಾಗುತ್ತದೆ. ಇದನ್ನು ತಡೆಯುವುದು ಕುದಿಸಿದ ನೀರು, ಸೋಪು, ಲಸಿಕೆ. ನೆಲನೆಲ್ಲಿಯನ್ನು ಹಿರಿಯರು ಬಳಸಿಕೊಂಡು ಬಂದಿದ್ದಾರೆ, ಅದನ್ನು ನಾನು ಹೀಗಳೆಯುವವಳಲ್ಲ. ಆದರೆ ಗಿಡ ಯಾವುದು, ಅಳತೆ ಎಷ್ಟು ಎಂದು ನಿಗದಿಯಿಲ್ಲದೆ ಶಾಲೆಯ ಮಕ್ಕಳಿಗೆಲ್ಲ ಹಂಚುವ ವಸ್ತು ಅದಲ್ಲ. ಸೋರೆಕಾಯಿ ಜ್ಯೂಸ್ ಮಾಡುವವರೂ ಜೋಪಾನ. ಕಹಿ ಸೋರೆಕಾಯಿಯ ರಸ ಕುಡಿದು ರಕ್ತವಾಂತಿಯಾಗಿ ಪ್ರಾಣ ಹೋದದ್ದೂ ನಮ್ಮ ದೇಶದಲ್ಲಿದೆ. ಚೂರು ನಾಲಿಗೆಗಿಟ್ಟು ನೋಡಿ. ಕಹಿಯಿದ್ದರೆ ಪಲ್ಯಕ್ಕೂ ಬೇಡ, ಎಸೆದುಬಿಡಿ.

ರಕ್ತದಲ್ಲಿನ ಬೇಡದ್ದನ್ನು ಬೇರ್ಪಡಿಸುವುದು ಲಿವರ್‌ನ ಕೆಲಸ. ಅದನ್ನೇ ತೊಳೆಯುವ ಪಾನೀಯ ಯಾವುದೂ ಇಲ್ಲ. ಹೊರೆ ಹಾಕದಿರುವುದು ಮಾತ್ರ ನಮ್ಮ ಕೈಲಿದೆ.

ಆ ಹೊರೆಯನ್ನು ನಾನು ಊಟದ ಸಾಲಿನಲ್ಲೇ ಕಂಡೆ. ನೀರಿನ ಬಾಟಲಿಗಳಲ್ಲಿ ಕೇಸರಿ ಬಣ್ಣದ್ದು, ಮಾವಿನ ಬಣ್ಣದ್ದು, ಒಂದೆರಡರಲ್ಲಿ ಕೋಲಾ. ಕೋಲಾದ 250 ಮಿ.ಲೀ. ಬಾಟಲಿಯಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಐದಾರು ಚಮಚ. ಕಾಫಿಗೆ ಅಷ್ಟು ಹಾಕಿಕೊಟ್ಟರೆ ನೀವೇ ಉಗುಳುತ್ತೀರಿ. ದಿನಾ ಹೀಗೆ ಕುಡಿದರೆ ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬಾಗಿಸಿ ತನ್ನಲ್ಲೇ ತುಂಬಿಕೊಳ್ಳತೊಡಗುತ್ತದೆ. ಫ್ಯಾಟಿ ಲಿವರ್ ಎಂದರೆ ಕುಡುಕರ ಕಾಯಿಲೆ ಎಂದುಕೊಳ್ಳಬೇಡಿ, ಈಗ ಮಕ್ಕಳಲ್ಲೂ ಕಾಣುತ್ತಿದೆ.

ಬದಲಿಗೆ ಏನು ಕೊಡಬೇಕು ಎಂದರೆ, ಮೊದಲು ನೀರು. ಆಮೇಲೆ ನೀರುಮಜ್ಜಿಗೆ: ಒಂದು ಲೋಟ ಮೊಸರಿಗೆ ಮೂರು ಲೋಟ ನೀರು ಹಾಕಿ ಕಡೆದು, ಜಜ್ಜಿದ ಶುಂಠಿ, ಕರಿಬೇವು, ಚಿಟಿಕೆ ಉಪ್ಪು. ಪುನರ್ಪುಳಿಯಾದರೆ (ಕೋಕಂ) ನಾಲ್ಕೈದು ಒಣಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಜೀರಿಗೆಪುಡಿ ಉದುರಿಸಿ. ಬೆಲ್ಲ ನಾಲಿಗೆಗೆ ತಗುಲುವಷ್ಟೇ ಇರಲಿ. ಲಿವರ್ ಪಾಲಿಗೆ ಬೆಲ್ಲವೂ ಸಕ್ಕರೆಯೇ. ರಾಗಿ ಅಂಬಲಿ ಕೊಟ್ಟರಂತೂ ಹೊಟ್ಟೆಗೂ ಆಗುತ್ತದೆ. ಯಾವುದನ್ನೇ ಮಾಡಿ, ಕುದಿಸಿ ಆರಿಸಿದ ನೀರಲ್ಲೇ ಮಾಡಿ. ಇವು ಔಷಧಗಳಲ್ಲ, ಬಾಟಲಿಯಿಂದ ಕೋಲಾವನ್ನು ಹೊರಗೆ ಹಾಕುತ್ತವೆ, ಅಷ್ಟೇ. ಕಾಮಾಲೆಗೆಂದು ರಸ್ತೆಬದಿಯ ಕಬ್ಬಿನ ಹಾಲು ಕುಡಿಸುವವರು ಅದಕ್ಕೆ ಹಾಕುವ ಐಸ್ ಯಾವ ನೀರಿನದು ಎಂದು ಕೇಳಿ ನೋಡಿ.

ಇನ್ನೊಂದು ಮಾತು ಶೇಂಗಾ ಬಗ್ಗೆ. ಈ ತೇವಕ್ಕೆ ಡಬ್ಬಿಯಲ್ಲಿಟ್ಟದ್ದಕ್ಕೂ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಲಿವರ್‌ಗೆ ನೇರ ವಿಷ. ಹುರಿದರೂ ಪೂರ್ತಿ ಹೋಗದು. ಬೂಷ್ಟು ಹಿಡಿದದ್ದನ್ನು ಹೆಕ್ಕಿ ತೆಗೆದು ಉಳಿದದ್ದನ್ನು ತಿನ್ನುವ ಉಳಿತಾಯ ಬೇಡ.

ಮಗುವಿನ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಪಥ್ಯವೆಂದು ಬರೀ ಗಂಜಿಯ ಮೇಲೆ ಇಡಬೇಡಿ. ಅನ್ನ, ಬೇಳೆ, ಹಣ್ಣು ಸ್ವಲ್ಪ ಸ್ವಲ್ಪವಾಗಿ ತಿನ್ನಲಿ. ಜ್ವರದ ಮಾತ್ರೆ, ಸಿರಪ್ಪನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಲಿವರ್‌ಗೇ ಪೆಟ್ಟು. ಮಗು ಮಂಕಾಗಿ ತೂಕಡಿಸಿದರೆ, ತಡಬಡ ಮಾತಾಡಿದರೆ, ವಾಂತಿ ನಿಲ್ಲದಿದ್ದರೆ ಆಗಲೇ ದೊಡ್ಡಾಸ್ಪತ್ರೆಗೆ ಹೊರಡಿ. ಕಾಮಾಲೆ ಕಾಣಿಸಿದ ಮೇಲೆ ಕನಿಷ್ಠ ಒಂದು ವಾರ ಶಾಲೆ ಬೇಡ. ಹಾಜರಾತಿಯ ಚಿಂತೆ ನನಗೆ ಬಿಡಿ.

ಸೋಮವಾರದಿಂದ ಬೆಳಿಗ್ಗೆ ಬಾಟಲಿ ನೋಡುತ್ತೇವೆ. ಬಣ್ಣದ ಪಾನೀಯವಿದ್ದರೆ ಮಗುವನ್ನು ಬೈಯುವುದಿಲ್ಲ, ಸಂಜೆ ನಿಮಗೆ ಫೋನ್ ಮಾಡುತ್ತೇವೆ. ಮುಚ್ಚಳದೊಳಗಿನ ರಬ್ಬರ್ ಬಳೆ ತೆಗೆದು ತೊಳೆಯಿರಿ. ನಾನು ತೆಗೆಸಿ ನೋಡಿದ ಬಾಟಲಿಗಳಲ್ಲಿ ಅದರಡಿ ಕಪ್ಪಗೆ ಲೋಳೆ ಕಟ್ಟಿತ್ತು. ಶಾಲೆಯ ನೀರಿನ ಟ್ಯಾಂಕ್ ಶನಿವಾರ ಮಧ್ಯಾಹ್ನ ತೊಳೆಸುತ್ತಿದ್ದೇವೆ, ಬಿಡುವಿದ್ದವರು ಬಂದು ಕೈಜೋಡಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ