ಮೊದಲು ಹನಿ ಹಾಕಿ, ಆಮೇಲೆ ಹಾರ ಹಾಕಿಕೊಳ್ಳಿ

ಮಾನ್ಯರೆ,

ಭಾನುವಾರ ಬಾಗಲಕೋಟೆ ನವನಗರದಲ್ಲಿ ಸೇವಾ ಕ್ಲಬ್ಬಿನವರು ನಡೆಸಿದ ಪೋಲಿಯೊ ಹನಿ ಕಾರ್ಯಕ್ರಮದ ವರದಿ ನಿಮ್ಮ ಪತ್ರಿಕೆಯಲ್ಲಿ ದೊಡ್ಡ ಫೋಟೊ ಜೊತೆ ಬಂದಿದೆ. ಆ ಫೋಟೊ ತೆಗೆಯುವಾಗ ನಾನು ಮೊಮ್ಮಗಳನ್ನು ಎತ್ತಿಕೊಂಡು ಅಲ್ಲೇ ಸಾಲಿನಲ್ಲಿದ್ದೆ. ಸಾಲಿನಲ್ಲಿ ನಿಂತವರ ಪಾಡು ಏನಾಯಿತು ಅಂತ ವರದಿಯಲ್ಲಿ ಒಂದು ಸಾಲೂ ಇಲ್ಲ.

ಬೂತ್ ಬೆಳಿಗ್ಗೆ ಎಂಟಕ್ಕೆ ಶುರುವಾಗಬೇಕಿತ್ತು. ಸಿಸ್ಟರ್, ಆಶಾ ಕಾರ್ಯಕರ್ತೆಯರು ಅದಕ್ಕೂ ಮುಂಚೆ ಬಂದು ಕೂತಿದ್ದರು. ಲಸಿಕೆ ಡಬ್ಬಿ ಬಂದಿತ್ತು, ಮಕ್ಕಳೂ ಬಂದಿದ್ದವು. ಆದರೆ ಹನಿ ಹಾಕುವ ಹಾಗಿಲ್ಲ. ಉದ್ಘಾಟನೆ ಆಗಿಲ್ಲವಲ್ಲ! "ಸಾಹೇಬ್ರು ದಾರ್ಯಾಗ ಅದಾರ, ಹತ್ತ ನಿಮಿಷ ತಡೀರಿ" ಅಂತ ಮೈಕ್ ಹಿಡಿದವರು ಹೇಳುತ್ತಲೇ ಇದ್ದರು. ಸಾಹೇಬರು ಬಂದಿದ್ದು ಹತ್ತೂವರೆಗೆ.

ಪೆಂಡಾಲ್ ರಸ್ತೆಗೆ ಅಡ್ಡ ಹಾಕಿದ್ದರು. ಗಾಡಿ ತೆಗೆಯಲು ಜಾಗ ಇಲ್ಲ. ನೆರಳಲ್ಲಿದ್ದ ಕುರ್ಚಿಗಳು ಗಣ್ಯರಿಗೆ, ಬಿಸಿಲು ಬಾಣಂತಿಯರಿಗೆ. ನೀರಿನ ಬಾಟಲಿ ವೇದಿಕೆ ಮೇಲೆ ಮಾತ್ರ. ಮೊಮ್ಮಗಳು ಅತ್ತು ಅತ್ತು ಕುಡಿದ ಹಾಲನ್ನೆಲ್ಲ ಕಕ್ಕಿದಳು. ಗುಳೇದಗುಡ್ಡದಲ್ಲಿ ನೆಂಟರ ಮನೆ ಕುಬಸಕ್ಕೆ ಹೋಗಬೇಕಿತ್ತು, ಆ ಬಸ್ಸೂ ತಪ್ಪಿತು. ಅದು ಹೋಗಲಿ. ನನ್ನ ಹಿಂದೆ ಗಾರೆ ಕೆಲಸದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಕಾದು ಕಾದು "ಪಗಾರ ಹೊಕ್ಕತಿ ರೀ" ಅಂತ ಕೂಸನ್ನು ಎತ್ತಿಕೊಂಡು ಹೊರಟೇ ಹೋದಳು. ಆ ಕೂಸಿಗೆ ಹನಿ ಬೀಳಲಿಲ್ಲ. ಇದಕ್ಕೆ ಯಾರು ಹೊಣೆ?

ಸಾಹೇಬರು ಬಂದ ಮೇಲಾದರೂ ಕೆಲಸ ಶುರುವಾಯಿತಾ? ಇಲ್ಲ. ಪ್ರಾರ್ಥನೆ, ಸ್ವಾಗತ, ಶಾಲು, ನೆನಪಿನ ಕಾಣಿಕೆ. ಆಮೇಲೆ ಒಂದು ಕೂಸನ್ನು ಮುಂದೆ ಕರೆದು ಎರಡು ಹನಿ ಹಾಕಿದರು. ಫೋಟೊ ಸರಿ ಬರಲಿಲ್ಲವಂತೆ. ಅದೇ ಕೂಸಿನ ಗಲ್ಲ ಒತ್ತಿ ಬಾಯಿ ತೆರೆಸಿ, ಬಾಟಲಿಯನ್ನು ಸುಮ್ನೆ ಮೇಲೆ ಹಿಡಿದು ಮತ್ತೆ ಫೋಟೊ ತೆಗೆದರು. ಅಷ್ಟು ಹೊತ್ತೂ ಡಬ್ಬಿಯ ಮುಚ್ಚಳ ತೆರೆದೇ ಇತ್ತು. ಸಿಸ್ಟರ್ ಮುಚ್ಚುವುದು, ಇವರು ಫೋಟೊದಲ್ಲಿ ಐಸ್ ಕಾಣಲಿ ಅಂತ ತೆರೆಸುವುದು. ಲಸಿಕೆ ಬಾಟಲಿ ಮೇಲೆ ಒಂದು ದುಂಡು ಗುರುತು, ಅದರೊಳಗೆ ಬಿಳಿ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕದ ಬಣ್ಣ ಗಾಢವಾಗುತ್ತದೆ. ಸುತ್ತಲಿನ ಬಣ್ಣಕ್ಕೆ ಸಮ ಬಂದರೆ ಆ ಲಸಿಕೆಯನ್ನು ಎಸೆಯಬೇಕು. ಸಿಸ್ಟರ್‌ಗೆ ಇದು ಗೊತ್ತು. ವೇದಿಕೆ ಮೇಲಿದ್ದ ದೊಡ್ಡವರಿಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇಲ್ಲ.

ಕ್ಲಬ್ಬಿನವರು ಭಾಷಣದಲ್ಲಿ ಹೇಳಿದ್ದು ಸುಳ್ಳಲ್ಲ. 1985ರಲ್ಲಿ ರೋಟರಿ ಸಂಸ್ಥೆ ಪೋಲಿಯೊ ವಿರುದ್ಧ ಕೈ ಹಾಕಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಸೇರಿ ಜಗತ್ತಿನಿಂದಲೇ ಇದನ್ನು ಓಡಿಸಲು ಹೊರಟಾಗ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳಿಗೆ ಈ ರೋಗ ಬಡಿಯುತ್ತಿತ್ತು. ನಮ್ಮ ದೇಶದಲ್ಲೇ 2009ರಲ್ಲಿ 741 ಮಕ್ಕಳಿಗೆ ಬಂದಿತ್ತು. ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದ ಒಂದು ಮಗುವಿನದು. ಲೋಕದ ತುಂಬ ಸೇವಾ ಕ್ಲಬ್ಬುಗಳ ಸದಸ್ಯರು ಇದಕ್ಕೆ ದುಡ್ಡು ಕೊಟ್ಟಿದ್ದಾರೆ, ಓಡಾಡಿದ್ದಾರೆ. ಅವರಿಗೆ ಕೈ ಮುಗಿಯುತ್ತೇನೆ. ಹಳೇ ಬಾಗಲಕೋಟೆಯ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ತೊಡೆ ಮೇಲೆ ಕೈ ಊರಿ ಊರಿ ನಡೆಯುತ್ತಿದ್ದ. ಆಟಕ್ಕೆ ಬಿಟ್ಟಾಗ ನಮ್ಮ ಚೀಲ ಕಾಯುತ್ತ ಕೂರುತ್ತಿದ್ದ. ಆ ಕಾಲ ಮತ್ತೆ ಬರಬಾರದು ಅಂತಲೇ ಇಷ್ಟು ಸಿಟ್ಟು ಬರುತ್ತದೆ. ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ರೋಗ ಇನ್ನೂ ಇದೆ. ಅದಕ್ಕೇ ಅಲ್ವಾ ನಾವು ಇವತ್ತಿಗೂ ಹನಿ ಹಾಕಿಸುತ್ತಿರುವುದು?

ಬಿಟ್ಟುಹೋದ ಮಕ್ಕಳಿಗೆ ಮನೆ ಮನೆಗೆ ಹೋಗಿ ಹಾಕುತ್ತೇವೆ ಅನ್ನುತ್ತಾರೆ. ಆ ಗಾರೆ ಕೆಲಸದವಳ ಮನೆ ಯಾವುದು? ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಹೋಗಿ ಬಂದ ಮನೆ ಅಂತ ಸೀಮೆಸುಣ್ಣದ ಗುರುತು ಹಾಕಲು ಅದಕ್ಕೆ ಬಾಗಿಲೇ ಇಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯಲು ಬಂದ ಗ್ಯಾಂಗಿನವರು ಹೊಲದ ದಂಡೆಯಲ್ಲೇ ಗುಡಿಸಲು ಹಾಕಿಕೊಂಡಿರುತ್ತಾರೆ. ಇವತ್ತು ಈ ಹೊಲ, ನಾಳೆ ಇನ್ನೊಂದು. ಕ್ಲಬ್ಬಿನವರು ಪೆಂಡಾಲಿಗೆ, ಬ್ಯಾನರಿಗೆ ಸುರಿದ ದುಡ್ಡಲ್ಲಿ ಸಿಸ್ಟರ್‌ಗೆ ಒಂದು ಗಾಡಿ ಮಾಡಿಕೊಟ್ಟು ಅಲ್ಲಿಗೆ ಕಳಿಸಬಹುದಿತ್ತು. ಅಲ್ಲಿ ಹಾರ ಹಾಕುವವರು ಇರುವುದಿಲ್ಲ, ಅಷ್ಟೇ.

ಇನ್ನೊಂದು ಮಾತು. ಪೋಲಿಯೊ ಹರಡುವುದು ಹೊಲಸಿನಿಂದ, ಹೊಲಸು ಸೇರಿದ ನೀರಿನಿಂದ. ಕಾರ್ಯಕ್ರಮ ನಡೆದ ಜಾಗದ ಹಿಂದೆಯೇ ಚರಂಡಿ ತುಂಬಿ ರಸ್ತೆಗೆ ಹರಿಯುತ್ತಿದೆ. ಅದಕ್ಕೆ ಬ್ಯಾನರ್ ಅಡ್ಡ ಕಟ್ಟಿ ಮುಚ್ಚಿದ್ದರು! ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಒಂದು ಕಚೇರಿಯವರು ಇನ್ನೊಂದು ಕಚೇರಿಯತ್ತ ಬೆರಳು ತೋರಿಸುತ್ತಾರೆ. ಆಲಮಟ್ಟಿ ಹಿನ್ನೀರಿಗೆ ಮನೆ, ಓಣಿ, ಗುಡಿ ಎಲ್ಲ ಬಿಟ್ಟುಕೊಟ್ಟು ಬಂದವರು ನಾವು. ಆಗ ಕೊಟ್ಟ ಮಾತುಗಳಲ್ಲಿ ಎಷ್ಟು ನಡೆದವು? ಬೀದಿದೀಪದ ಕಥೆ ಬರೆಯಲು ಹೊರಟರೆ ನಿಮ್ಮ ಪುಟ ಸಾಲುವುದಿಲ್ಲ.

ಮುಂದಿನ ಸಲ ಎಂಟು ಗಂಟೆಗೆ ಬಂದ ಮೊದಲ ಕೂಸಿಗೇ ಹನಿ ಹಾಕಿ ಬೂತ್ ಶುರು ಮಾಡಲಿ. ಇಲ್ಲವಾದರೆ ಈ ಉದ್ಘಾಟನೆ ಅನ್ನುವುದನ್ನೇ ಬಂದ್ ಮಾಡಲಿ. ಚರಂಡಿಯನ್ನೂ ಸರಿಮಾಡಿಸಲಿ. ಭಾನುವಾರ ಸಂಬಂಧಪಟ್ಟ ಅಧಿಕಾರಿಯನ್ನು ಅಲ್ಲೇ ಕೇಳಿದರೆ "ನಮ್ಮ ಕೈಯಾಗ ಏನಿಲ್ಲರಿ, ಮ್ಯಾಲಿನವರನ್ನ ಕೇಳ್ರಿ" ಅಂದರು. ಎರಡು ಹನಿ ಹಾಕುವುದಕ್ಕೂ ಮೇಲಿನವರ ಅಪ್ಪಣೆ ಬೇಕಾ? ನಾಚಿಕೆ ಆಗಬೇಕು ಇವರಿಗೆ.

— ನೊಂದ ಹಿರಿಯ ನಾಗರಿಕ, ನವನಗರ, ಬಾಗಲಕೋಟೆ