‘ಸಿಗಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ

ಮಾನ್ಯ ಸಂಪಾದಕರೇ,

‘ಲೋಹ ಕಡಿಮೆಯಿರುವ ನಕ್ಷತ್ರಕ್ಕೆ ದೈತ್ಯಗ್ರಹವಿಲ್ಲ’ ಎಂಬ ಮಾತು ವಿಜ್ಞಾನ ಸುದ್ದಿಗಳಲ್ಲಿ ಸಲೀಸಾಗಿ ಬಂದುಬಿಡುತ್ತದೆ. (ಖಗೋಳ ವಿಜ್ಞಾನದಲ್ಲಿ ಹೀಲಿಯಂಗಿಂತ ಭಾರವಾದದ್ದೆಲ್ಲ ಲೋಹವೇ, ಆಮ್ಲಜನಕ ಕೂಡ! ದೈತ್ಯಗ್ರಹವೆಂದರೆ ಗುರುವಿನಂಥ ದೊಡ್ಡ ಅನಿಲಗ್ರಹ.) ಅಪರೂಪ ಎನ್ನುವುದೇನೋ ನಿಜ. ಖಗೋಳ ವಿಜ್ಞಾನಿಗಳಾದ ಫಿಷರ್ ಮತ್ತು ವಾಲೆಂಟಿ 2005ರಲ್ಲಿ ಕಬ್ಬಿಣವನ್ನು ಲೋಹದ ಅಳತೆಗೋಲಾಗಿ ಇಟ್ಟುಕೊಂಡು ಕೊಟ್ಟ ಲೆಕ್ಕದಂತೆ, ಸೂರ್ಯನ ಎರಡು ಪಟ್ಟಿಗಿಂತ ಹೆಚ್ಚು ಕಬ್ಬಿಣವಿರುವ ನಕ್ಷತ್ರಗಳಲ್ಲಿ ಸುಮಾರು ಶೇ 25ರಷ್ಟಕ್ಕೆ ದೈತ್ಯಗ್ರಹ ಸಿಕ್ಕಿತ್ತು. ಸೂರ್ಯನಿಗಿಂತ ಕಡಿಮೆ ಇರುವವುಗಳಲ್ಲಿ ಶೇ 3ಕ್ಕೂ ಕಡಿಮೆ. ದೈತ್ಯಗ್ರಹ ಹುಟ್ಟಬೇಕಾದರೆ ಸುಮಾರು ಹತ್ತು ಭೂಮಿಗಳಷ್ಟು ತೂಕದ ತಿರುಳು, ಎಳೆಯ ನಕ್ಷತ್ರದ ಸುತ್ತಲಿನ ಅನಿಲ ಚದುರಿಹೋಗುವ ಮೊದಲೇ ಕಟ್ಟಿಕೊಳ್ಳಬೇಕು. ಲೋಹ ಕಡಿಮೆಯಿದ್ದು ದೂಳು ಕಡಿಮೆಯಾದರೆ ಆ ಕೆಲಸ ತಡವಾಗುತ್ತದೆ.

ಆದರೆ ಅಳತೆಯ ತೊಡಕನ್ನು ಯಾರೂ ಹೇಳುವುದಿಲ್ಲ. ಇಲ್ಲಿ ಗ್ರಹವನ್ನು ಪತ್ತೆಹಚ್ಚುವುದು ಅದರ ಸೆಳೆತಕ್ಕೆ ನಕ್ಷತ್ರ ಓಲಾಡುವುದನ್ನು ಅಳೆದು. ಗುರುಗ್ರಹ ಸೂರ್ಯನನ್ನು ಓಲಾಡಿಸುವುದು ಸೆಕೆಂಡಿಗೆ ಬರೀ 12.5 ಮೀಟರ್ ವೇಗದಲ್ಲಿ, ಅದೂ ಸುಮಾರು 12 ವರ್ಷಕ್ಕೊಂದು ಸುತ್ತು. ಇದನ್ನು ಅಳೆಯಲು ರೋಹಿತದ ಗೆರೆಗಳು, ಅಂದರೆ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಕಪ್ಪು ಗೆರೆಗಳು ಬೇಕು. ಲೋಹ ಕಡಿಮೆಯಿದ್ದರೆ ಗೆರೆಗಳೇ ಕಡಿಮೆ, ಇರುವವೂ ಆಳವಿಲ್ಲದವು. ಅದೇ ನಿಖರತೆಗೆ ಹೆಚ್ಚು ಹೊತ್ತು ಬೆಳಕು ಹಿಡಿಯಬೇಕು. ಸಾಲದ್ದಕ್ಕೆ ಇಂಥ ನಕ್ಷತ್ರಗಳು ವಿರಳ, ಹಾಗಾಗಿ ದೂರ, ಮಸುಕು.

ನಕ್ಷತ್ರದ ಓಲಾಟ ಅಳೆಯುವ ಹಾರ್ಪ್ಸ್ ಉಪಕರಣ ಸುಮಾರು ನೂರು ಇಂಥ ನಕ್ಷತ್ರಗಳನ್ನು ವರ್ಷಗಟ್ಟಲೆ ಗಮನಿಸಿ ಮೂರು ಕಡೆ ದೈತ್ಯಗ್ರಹ ಕಂಡಿತು: ಎಚ್‌ಡಿ 171028, ಎಚ್‌ಡಿ 181720, ಎಚ್‌ಡಿ 190984. ಮೂರೂ ಗ್ರಹಗಳ ಸುತ್ತು ಒಂದು ವರ್ಷಕ್ಕಿಂತ ದೀರ್ಘ. ‘ಸಿಗಲಿಲ್ಲ’ ಎಂದು ಬರೆಯುವಾಗ ಎಷ್ಟು ವರ್ಷ, ಎಷ್ಟು ನಿಖರತೆಯಲ್ಲಿ ಹುಡುಕಿದರು ಎಂಬುದನ್ನೂ ದಯವಿಟ್ಟು ಅಚ್ಚು ಮಾಡಿ.

— ಖಗೋಳಾಸಕ್ತ ಓದುಗರು