ಮತ್ತೆ ಪೋಸ್ಟ್ ಮಧ್ಯೆ ನಿಂತೆ, ಎಲ್ಲರಿಗೂ ಥ್ಯಾಂಕ್ಸ್

ಭಾನುವಾರ ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಗೋಲ್‌ಕೀಪರ್ ಆಗಿ 90 ನಿಮಿಷ ಪೂರ್ತಿ ಆಡಿದೆ. 15 ತಿಂಗಳ ಮೇಲೆ! ಒಂದು ಗೋಲು ಬಿಟ್ಟೆ, ಮ್ಯಾಚ್ 1-1 ಆಯಿತು. ಆದರೆ ಕೊನೆಯಲ್ಲಿ ಮೈದಾನದ ಮೂಲೆಯಿಂದ ಒದ್ದ ಕಾರ್ನರ್ ಬಾಲನ್ನು ಅಷ್ಟು ಜನರ ಮಧ್ಯೆ ಎಗರಿ ಎರಡೂ ಕೈಯಲ್ಲಿ ಹಿಡಿದೆನಲ್ಲ, ಆಗ ಎಡಗೈ ಮಣಿಕಟ್ಟು ನೋಯಲೇ ಇಲ್ಲ.

2024ರ ಜುಲೈನಲ್ಲಿ ಕೊಡಗಿನ ಸುಂಟಿಕೊಪ್ಪದ ಹತ್ತಿರ ಸೆವೆನ್ಸ್ (ಟೀಮಿಗೆ ಏಳೇ ಜನರ ಫುಟ್‌ಬಾಲ್) ಆಡುವಾಗ ಕೆಸರಲ್ಲಿ ಜಾರಿ ಅಂಗೈ ಊರಿ ಬಿದ್ದಿದ್ದೆ. ಮೊದಲು ತೋರಿಸಿದ ಕಡೆ ಉಳುಕು ಅಂದು ಬ್ಯಾಂಡೇಜ್ ಸುತ್ತಿ ಕಳಿಸಿದರು. ಐದು ವಾರ ಅದನ್ನೇ ನಂಬಿಕೊಂಡು ಪ್ರಾಕ್ಟೀಸ್ ಮಾಡಿದೆ. ಆಮೇಲೆ ಮಡಿಕೇರಿಯಲ್ಲಿ ಒಬ್ಬರು ಡಾಕ್ಟರ್ ಮೇಡಂ ಹೆಬ್ಬೆರಳಿನ ಬುಡದಲ್ಲಿರುವ ಗುಂಡಿಯಲ್ಲಿ ಬೆರಳಿಟ್ಟು ಒತ್ತಿದರು. ಕಣ್ಣಲ್ಲಿ ನೀರು ಬಂತು. ಸ್ಕೇಫಾಯ್ಡ್ ಅಂತ, ಗೋಡಂಬಿಯಷ್ಟು ಸಣ್ಣ ಮೂಳೆ. ಮುರಿದರೂ ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದಂತೆ, ರಕ್ತ ಸರಿಯಾಗಿ ಹರಿಯದ ಜಾಗ ಆದ್ದರಿಂದ ಕೂಡಿಕೊಳ್ಳುವುದಕ್ಕೂ ತುಂಬಾ ಸಮಯ ಬೇಕಂತೆ. ಸ್ಕ್ರೂ ಹಾಕಿದರು. "ಆಡೋದನ್ನ ಬಿಡು" ಅಂತ ಒಂದು ಸಲವೂ ಹೇಳಲಿಲ್ಲ ಅವರು. ಮೇಡಂ, ಆ ದಿನ ನೀವು ಚೀಟಿಯ ಹಿಂದೆ ಬಿಡಿಸಿಕೊಟ್ಟ ಮೂಳೆಯ ಚಿತ್ರ ಇನ್ನೂ ನನ್ನ ಪರ್ಸಿನಲ್ಲಿದೆ.

ಮ್ಯಾಚ್ ಆಡಿದರೆ ಮಾತ್ರ ದುಡ್ಡು ಸಿಗುವ ಆಟಗಾರ ನಾನು. ಹಗಲು ಅಂಗಡಿ ಕೆಲಸ, ಸಂಜೆ ಪ್ರಾಕ್ಟೀಸ್. ಒಂದೇ ಕೈಯಲ್ಲಿ ಬಿಲ್ ಬರೆಯುತ್ತಿದ್ದವನನ್ನು ಕೆಲಸದಲ್ಲಿ ಉಳಿಸಿಕೊಂಡ ಅಂಗಡಿ ಅಣ್ಣನಿಗೆ ಥ್ಯಾಂಕ್ಸ್.

ಅಮ್ಮನ ಬಗ್ಗೆ ಏನು ಬರೆಯಲಿ? ಶುರುವಿನಲ್ಲಿ ಮಳೆಗೆ ನೆನೆದ ನನ್ನ ಗ್ಲೌಸನ್ನು ಒಲೆಯ ಮೇಲೆ ತೂಗುಹಾಕುತ್ತಿದ್ದರು. ಬಿಸಿಗೆ ಲೇಟೆಕ್ಸ್ ಒಣಗಿ ಬಿರುಕು ಬಿಟ್ಟಿತು. ಇನ್ನೊಂದು ಜೊತೆ ತಂದಾಗ ಅದರ ಲೇಬಲ್ ನನ್ನ ಹತ್ತಿರ ಓದಿಸಿಕೊಂಡರು. ಆಮೇಲಿಂದ ಉಗುರುಬೆಚ್ಚಗಿನ ನೀರಲ್ಲಿ ಮೆತ್ತಗೆ ಹಿಂಡಿ, ಬೆರಳು ಬೆರಳಿಗೂ ಹಳೇ ಪೇಪರ್ ತುರುಕಿ, ನೆರಳಲ್ಲೇ ಒಣಗಿಸುತ್ತಾರೆ. ಕೈಗೆ ಪ್ಲಾಸ್ಟರ್ ಇದ್ದಷ್ಟು ತಿಂಗಳೂ ಆಡದ ಆ ಗ್ಲೌಸನ್ನು ತೆಗೆದು, ಒರೆಸಿ, ಮತ್ತೆ ಇಡುತ್ತಿದ್ದರು. ಯಾಕಮ್ಮ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ನಮ್ಮ ಊರಿನ ಹಾಕಿ ಮಾಮ. ಕೊಡಗು ಅಂದರೆ ಹಾಕಿ ಅಲ್ವಾ, ಫುಟ್‌ಬಾಲ್ ಆಡುವ ಹುಡುಗನಿಗೆ ಇವರು ಏನು ಹೇಳಿಕೊಡುತ್ತಾರೆ ಅಂತ ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಹಾಕಿ ಗೋಲಿನ ಅಗಲ 3.66 ಮೀಟರ್, ನಮ್ಮದು 7.32. "ಸರಿಯಾಗಿ ಎರಡರಷ್ಟು ಮಾರಾಯ, ಗೆರೆ ಮೇಲೇ ನಿಂತ್ರೆ ಆಗಲ್ಲ, ಮುಂದೆ ಬಂದು ಆ್ಯಂಗಲ್ ಮುಚ್ಚು" ಅಂದು, ಎರಡೂ ಪೋಸ್ಟಿಗೆ ಹಗ್ಗ ಕಟ್ಟಿ, ಬಾಲಿನ ಹತ್ತಿರ ಸೇರಿಸಿ, ಒಂದೊಂದು ಹೆಜ್ಜೆ ಮುಂದೆ ಬಂದಾಗಲೂ ಎಷ್ಟು ಜಾಗ ಮುಚ್ಚುತ್ತದೆ ಅಂತ ತೋರಿಸಿದವರು ಅವರೇ. ಈ ಬೇಸಿಗೆಯಲ್ಲಿ ಕೈ ಸರಿಯಾಗುತ್ತಿದ್ದಾಗ ದಿನಾ ಸಂಜೆ ಎರಡು ಮೀಟರ್ ದೂರದಿಂದ ಮೆಲ್ಲಗೆ ನನ್ನ ಎದೆಗೆ ಬಾಲ್ ಎಸೆದವರೂ ಅವರೇ. ಮೊದಲ ವಾರ ಬರೀ ಹಿಡಿಯುವುದು. ಮೊಣಕಾಲ ನೋವಿದ್ದರೂ ಒಂದು ದಿನ ತಪ್ಪಿಸಲಿಲ್ಲ.

ಇನ್ನು ನಾನಿಲ್ಲದಾಗ ನನ್ನ ಜಾಗದಲ್ಲಿ ಆಡಿದ ನಮ್ಮ ಟೀಮಿನ ತಮ್ಮ. ನಾನು ವಾಪಸ್ ಬಂದರೆ ಅವನು ಬೆಂಚಿಗೆ ಹೋಗಬೇಕು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಾನಿಲ್ಲದಾಗ ಬಂದ ಹೊಸ ರೂಲನ್ನು ಕೂತು ಕಲಿಸಿದ: ಬಾಲ್ ಕೈಯಲ್ಲಿ 8 ಸೆಕೆಂಡಿಗಿಂತ ಜಾಸ್ತಿ ಇಟ್ಟುಕೊಂಡರೆ ಎದುರು ಟೀಮಿಗೆ ಕಾರ್ನರ್, ಕೊನೇ ಐದು ಸೆಕೆಂಡನ್ನು ರೆಫ್ರಿ ಬೆರಳು ಮಡಚಿ ಎಣಿಸುತ್ತಾರೆ. ಪ್ರಾಕ್ಟೀಸಿನಲ್ಲಿ ಪೋಸ್ಟಿನ ಹಿಂದೆ ನಿಂತು ಅವನೇ ಜೋರಾಗಿ ಎಣಿಸುತ್ತಿದ್ದ. ಭಾನುವಾರ ಆ ಕಾರ್ನರ್ ಬಾಲ್ ಹಿಡಿದಾಗಲೂ ಬೆಂಚಿನಿಂದ ಅವನ ದನಿ ಕೇಳಿಸಿತು, "ಅಣ್ಣಾ, ಐದು, ನಾಲ್ಕು..."

ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲಿಗೆ ಅವನನ್ನೂ ಕರೆದುಕೊಂಡು ಊರಿಗೆ ಬರುತ್ತೇನೆ. ಮಾಮ, ಆ ಹಗ್ಗ ತೆಗೆದಿಟ್ಟಿರಿ. ಅವನಿಗೂ ತೋರಿಸಬೇಕು.